ಸೀಟಿ ಊದದ ಮೂರು ನಿಮಿಷ

ಆ ಶೆಡ್ಡಿಗೆ ಹೋದ ಮೊದಲ ಸಂಜೆಯೇ ಮಾಸ್ತರರು ನನ್ನ ಹೊಟ್ಟೆಗೆ ಗುದ್ದಿದರು. ಮೆಲ್ಲಗೆ ಗುದ್ದಿದರು ಎಂದು ಆಗಿನ ನನ್ನ ದಿನಚರಿ ಹೇಳುತ್ತದೆ. ನೆನಪು ಹೇಳುವುದು ಬೇರೆ: ಹೋದ ಉಸಿರು ಬಹಳ ಹೊತ್ತು ಮರಳಲಿಲ್ಲ, ಮಂಡಿಯೂರಿ ಕೂತೆ, ಬಾಯಲ್ಲಿ ತುಕ್ಕಿನ ರುಚಿ ಬಂತು. ನನ್ನನ್ನು ಸೇರಿಸಲು ಬಂದಿದ್ದ ಅಪ್ಪ ಸ್ಕೂಟರಿನ ಕೀಲಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು.

"ಏನ್ರೀ ಇದು, ಫೀ ಕೊಟ್ಟು ಹೊಡಿಸಿಕೊಳ್ಳೋದು?" ಎಂದರು.

"ಹೊಡಿಯೂದು ಯಾರ ಬೇಕಾದ್ರೂ ಕಲಸ್ತಾರ್ರೀ ಸಾಹೇಬರ," ಎಂದರು ಮಾಸ್ತರರು. "ನಮ್ಮಲ್ಲಿ ಹೊಡಿಸಿಕೊಂಡು ನಿಂದರೂದು ಕಲಸ್ತೀವಿ. ನೋಡ್ರಿ, ಎದ್ದಳು."

ಅಪ್ಪ ಧಾರವಾಡದಿಂದ ನಾಸಿಕಕ್ಕೆ ವರ್ಗವಾಗಿ ಬಂದಿದ್ದ ಬ್ಯಾಂಕ್ ಅಧಿಕಾರಿ. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು, ನಾನು ಬಿ.ಎ. ಮೊದಲ ವರ್ಷದಲ್ಲಿದ್ದೆ. ಊರಂಚಿನ ಕಾರ್ಖಾನೆಗಳ ಪ್ರದೇಶವಾದ ಅಂಬಡ್‌ನಲ್ಲಿ ಕನ್ನಡದವರ ಕರಾಟೆ ಕ್ಲಾಸಿದೆ ಎಂದು ಬ್ಯಾಂಕಿನ ಜವಾನ ಹೇಳಿದ್ದ. ನಾಲ್ಕು ಮಾತು ಕನ್ನಡ ಕಿವಿಗೆ ಬೀಳಲಿ ಎಂದು ಅಪ್ಪ ಮಗಳನ್ನು ಹೊಡೆಸಿಕೊಳ್ಳಲು ಕಳಿಸಿದರು ಎಂದು ಅಮ್ಮ ಬಹಳ ದಿನ ಆಡಿಕೊಂಡಳು.

ಮಾಸ್ತರರು ವಿಜಾಪುರದ ಕಡೆಯಿಂದ ಕಾಂಕ್ರೀಟು ಹಾಕುವ ಕೆಲಸಕ್ಕೆ ಬಂದವರು. ಅಂಬಡ್‌ನ ಎಷ್ಟೋ ಕಾರ್ಖಾನೆಗಳ ನೆಲ ಹಾಕಿದ್ದು ತಾವೇ ಎನ್ನುತ್ತಿದ್ದರು. ಕೆಲಸಗಾರರ ಖೋಲಿಗಳ ಹಿಂದಿನ ಬಯಲಿನಲ್ಲಿ ಒಬ್ಬ ನಿವೃತ್ತ ಸಿಪಾಯಿಯಿಂದ ಕರಾಟೆ ಕಲಿತು, ಒಂದು ಬಿಡಿಭಾಗಗಳ ಕಾರ್ಖಾನೆಯ ಹಿಂದೆ ತಗಡಿನ ಶೆಡ್ಡಿನಲ್ಲಿ ಶಾಲೆ ತೆರೆದಿದ್ದರು. ಕಲಿಸುವವರೆಲ್ಲ ಮನೆಯವರೇ. ಹೆಂಡತಿಯನ್ನು ಎಲ್ಲರೂ ಮರಾಠಿಯಲ್ಲಿ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ಪಾಳಿ ಮುಗಿಸಿ ಬರುವ ಹೆಣ್ಣುಮಕ್ಕಳಿಗೆ ಆಕೆ ಹೇಳಿಕೊಡುತ್ತಿದ್ದುದು ಒಂದೇ ಪಾಠ: "ಗೆಲ್ಲೂದೇನೂ ಬ್ಯಾಡ. ಮೊಣಕಾಲಿಗೆ ಒಂದ ಒದೀರಿ, ಬಾಗಲಾ ಹಿಡೀರಿ." ಮಗನದು ಮೊದಲು ಹೊಡೆದವನೇ ಉಳಿದ ಎನ್ನುವ ಲೆಕ್ಕ. ಅವನಿಗಿಂತ ಎರಡು ವರ್ಷ ದೊಡ್ಡವಳಾದ ಮಗಳು, ನಾನು ಅಕ್ಕ ಎನ್ನುತ್ತಿದ್ದವಳು, ಚಿಕ್ಕ ಮಕ್ಕಳಿಗೆ ಬೀಳುವುದನ್ನು ಕಲಿಸುತ್ತಿದ್ದಳು. ಗದ್ದ ಎದೆಗೆ ಒತ್ತಿ, ಬೆನ್ನು ದುಂಡಗೆ ಮಾಡಿ, ಹೆಗಲ ಮೇಲೆ ಉರುಳಿ ಎದ್ದು ನಿಲ್ಲುವುದು. ಇಡೀ ಸಂಜೆ ಅದೇ. ಮಾಸ್ತರರಿಗೆ ಅದು ಪಾಠ ಅನ್ನಿಸುತ್ತಲೇ ಇರಲಿಲ್ಲ.

ದಿನವೂ ಯಾರದಾದರೂ ರಕ್ತ ಬೀಳುತ್ತಿತ್ತು. ಕಾರ್ಖಾನೆಯಲ್ಲಿ ಎಣ್ಣೆ ಒರೆಸುವ ಹತ್ತಿಯ ವೇಸ್ಟನ್ನೇ ಒಂದು ಡಬ್ಬಿಯಲ್ಲಿ ಇಟ್ಟಿದ್ದರು, ಮೂಗಿಗೆ ಅದನ್ನೇ ತುರುಕುತ್ತಿದ್ದರು. ಮೊಣಕಾಲ ಕೆಳಗೆ ಬಿದಿರಿನ ಕೋಲಿನಿಂದ ಹೊಡೆಯುವಾಗ ಮರಾಠಿ ಹುಡುಗರೂ ಒಂದು, ಎರಡು, ಮೂರು ಎಂದು ಕನ್ನಡದಲ್ಲೇ ಎಣಿಸಬೇಕಿತ್ತು. ಅವರಿಗೆ ಬರುತ್ತಿದ್ದ ಕನ್ನಡ ಹತ್ತರವರೆಗೆ ಮಾತ್ರ.

ಬೆಲ್ಟ್ ಬೇಕಾದವರು 'ನಿಲ್ಲುವ ಪರೀಕ್ಷೆ' ಕೊಡಬೇಕು. ನೆಲದ ಮೇಲೆ ಸುಣ್ಣದ ವೃತ್ತ. ಒಳಗೆ ಇಬ್ಬರು. ಪರೀಕ್ಷೆ ಕೊಡುವವರು ಹೊಡೆಯುವಂತಿಲ್ಲ, ತಡೆಯಬಹುದು, ತಪ್ಪಿಸಿಕೊಳ್ಳಬಹುದು. ಸಣ್ಣ ಬೆಲ್ಟಿಗೆ ಒಂದು ನಿಮಿಷ, ಕಪ್ಪು ಬೆಲ್ಟಿಗೆ ಮೂರು. ಬಿದ್ದರೆ ಹತ್ತು ಎಣಿಸುವುದರೊಳಗೆ ಏಳಬೇಕು. ಗೆರೆ ದಾಟಿದರೆ ಮುಗಿಯಿತು. ಬಿದ್ದವರನ್ನು ಹೊಡೆಯಬಾರದು, ಹೊಡೆದರೆ ಸಮಯ ನೋಡುವವರು ಸೀಟಿ ಊದಿ ನಿಲ್ಲಿಸಬಹುದು. ಆದರೆ ನಡುವೆ ಸೀಟಿ ಬಿತ್ತೆಂದರೆ, ತಪ್ಪು ಯಾರದೇ ಇರಲಿ, ಪರೀಕ್ಷೆ ರದ್ದು, ಮತ್ತೆ ಒಂದು ವರ್ಷ ಕಾಯಬೇಕು. ಇದು ಅನ್ಯಾಯ ಎಂದು ನಾನು ಒಮ್ಮೆ ಹೇಳಿದೆ. "ರಸ್ತೆದಾಗ ನಿನಗ ಯಾರ ಸೀಟಿ ಊದತಾರವಾ?" ಎಂದರು ಮಾಸ್ತರರು.

ನಾನು ನಲವತ್ತನೇ ಸೆಕೆಂಡಿಗೆ ಗೆರೆ ದಾಟಿದವಳು. ಎದುರಿಗಿದ್ದವಳು ಸ್ಟಾಂಪಿಂಗ್ ಯಂತ್ರದ ಮೇಲೆ ಕೆಲಸ ಮಾಡುವ ಹುಡುಗಿ, ನನ್ನ ತೊಡೆಗೆ ಒಂದೇ ಜಾಗದಲ್ಲಿ ಆರು ಸಲ ಒದ್ದಳು. ಏಳನೆಯದು ಬರುವ ಮೊದಲೇ ನನ್ನ ಕಾಲು ತಾನಾಗಿ ಹೊರಗೆ ಹೋಯಿತು. ತಾನಾಗಿ ಹೋಯಿತು ಎಂದು ಬರೆಯುತ್ತಿದ್ದೇನೆ, ನಾನೇ ಇಟ್ಟೆನೇನೋ. ಮಾಸ್ತರರು ಬೈಯಲಿಲ್ಲ. ಸೀಟಿ ತಂದು ನನ್ನ ಕೊರಳಿಗೆ ಹಾಕಿದರು. "ಬ್ಯಾಂಕಿನ ಸಾಹೇಬರ ಮಗಳು. ಇಕಿ ಗಡಿಯಾರ ಸುಳ್ಳ ಹೇಳೂದಿಲ್ಲ."

ಎರಡನೆಯ ವರ್ಷ ಔರಂಗಾಬಾದಿನ ಚಿಕಲಠಾಣಾದ ಕಾರ್ಖಾನೆಗಳ ಕಡೆಯ ಒಂದು ಕಾಲನಿಯವರು ತಮ್ಮಲ್ಲೂ ಕ್ಲಾಸು ಬೇಕೆಂದು ಕೇಳಿಕೊಂಡು ಬಂದರು. ಈಗ ಛತ್ರಪತಿ ಸಂಭಾಜಿನಗರ ಎನ್ನುವ ಊರನ್ನು ಆಗ ನಾವು ಔರಂಗಾಬಾದ್ ಎನ್ನುತ್ತಿದ್ದೆವು. ಅಕ್ಕ ಪ್ರತಿ ಶನಿವಾರ ಬಸ್ಸು ಹತ್ತಿ ಹೋಗಿ, ಭಾನುವಾರ ಕಲಿಸಿ, ಸೋಮವಾರ ಧೂಳು ತುಂಬಿದ ಕೂದಲಲ್ಲಿ ಮರಳುತ್ತಿದ್ದಳು. ಆರು ತಿಂಗಳಲ್ಲಿ ಅಲ್ಲಿ ಇಲ್ಲಿಗಿಂತ ಹೆಚ್ಚು ಮಕ್ಕಳಾದರು. ಆಗ ಮಾಸ್ತರರು ಆ ಶಾಖೆ ಮಗನಿಗೆ ಎಂದರು.

ಆ ಮಾತು ನಡೆದದ್ದು ನಮ್ಮೆಲ್ಲರ ಎದುರಿಗೇ, ಚಾಪೆ ಸುತ್ತುವಾಗ.

"ನಾಳೆ ಲಗ್ನಾಗಿ ಹೋಗಾಕಿ ನೀ," ಎಂದರು ಮಾಸ್ತರರು. "ಕ್ಲಾಸಿನ ಬೋರ್ಡ ಯಾರ ಮನೀಗೆ ಹೊತಗೊಂಡ ಹೋಗ್ತಿ?"

"ಆ ಹುಡುಗೂರು ನನ್ನ ಕೈಯಾಗ ಬೀಳೂದು ಕಲತಾರಪಾ. ಇವಗ ಬೀಳಾಕ ಬರೂದಿಲ್ಲ. ಏನ ಕಲಸ್ತಾನ?"

"ನಾ ಯಾಕ ಬೀಳ್ಲಿ?" ಎಂದ ಅವಳ ತಮ್ಮ. ಹುಡುಗರು ನಕ್ಕರು. ಅಕ್ಕನೂ ನಕ್ಕಳು.

ಮಾಸ್ತರರು ನಗಲಿಲ್ಲ. "ಮೂರ ಮಿನಿಟ ಇವನ ಮುಂದ ನಿಂತ ತೋರಸು. ನಿಂತಿ, ಔರಂಗಾಬಾದ ನಿಂದು. ಇಲ್ಲಂದ್ರ ಮುಂದಿನ ತಿಂಗಳದಿಂದ ಇವಾ ಹೋಗ್ತಾನ. ಐತವಾರ ಇಟ್ಟಗೊಳ್ಳೂಣು."

"ಐತವಾರ ನನ್ನ ಕ್ಲಾಸ ಐತಿ ಅಲ್ಲೆ. ಶುಕ್ರವಾರ ಇಡ್ರಿ."

ಶುಕ್ರವಾರ ನಾಲ್ಕು ಗಂಟೆಗೆ ನಾನು ಸೀಟಿ ಊದಿ ಶುರು ಮಾಡಿದೆ. ಮೊದಲ ನಿಮಿಷ ನೋಡಲು ಚೆನ್ನಾಗಿತ್ತು. ಹೀಗೆ ಬರೆಯಲು ನಾಚಿಕೆಯಾಗುತ್ತದೆ, ಆದರೂ ಚೆನ್ನಾಗಿತ್ತು. ತಮ್ಮ ಒದ್ದಾಗಲೆಲ್ಲ ಅಕ್ಕನ ತೊಡೆಯಿಂದ ಒದ್ದೆ ಗೋಣಿಚೀಲಕ್ಕೆ ಬಡಿದ ಸದ್ದು ಬರುತ್ತಿತ್ತು. ಅವಳ ಕೆಳದುಟಿ ಒಡೆಯಿತು. ಪಕ್ಕೆಗೆ ಬಿದ್ದ ಒಂದು ಗುದ್ದಿಗೆ ಅವಳು ಬಾಗಿದಳು, ಬಾಗಿದವಳು ಹಾಗೇ ಬಿದ್ದು, ಉರುಳಿ, ಅವನ ಬೆನ್ನ ಹಿಂದೆ ಎದ್ದು ನಿಂತಳು. ಅವನ ಮುಂದಿನ ಒದೆ ಗಾಳಿಗೆ ಬಿತ್ತು. ಮಕ್ಕಳು ಚಪ್ಪಾಳೆ ತಟ್ಟಿದರು. ಮತ್ತೆ ಬಿದ್ದಳು, ಮತ್ತೆ ಇನ್ನೊಂದು ಕಡೆ ಎದ್ದಳು. ಈ ಸಲ ಜೋರಾಗಿ ನಕ್ಕರು. ನಾನೂ ನಕ್ಕಿದ್ದೆನೇನೋ. ನಕ್ಕೆ ಎಂದು ದಿನಚರಿಯಲ್ಲಿಲ್ಲ.

"ನೆಟ್ಟಗ ನಿಂದರ ನೀ," ಎಂದ ತಮ್ಮ. ಅವನ ಕಿವಿಗಳು ಕೆಂಪಾಗಿದ್ದವು.

ಎರಡು ನಿಮಿಷದ ಹೊತ್ತಿಗೆ ಅವನ ಮುಷ್ಟಿ ಅವಳ ದವಡೆಗೆ ಕೂತಿತು. ಈ ಸಲ ಅವಳು ಬಿದ್ದದ್ದು ಕಲಿಸಿದ ಹಾಗಲ್ಲ. ತಲೆ ನೆಲಕ್ಕೆ ಬಡಿದು ಒಮ್ಮೆ ಪುಟಿಯಿತು. ಮಕ್ಕಳು ಎಣಿಸತೊಡಗಿದರು: ಒಂದು, ಎರಡು, ಮೂರು. ನಾಲ್ಕಕ್ಕೆ ಅವನು ಅವಳ ಕಿವಿಗೆ ಒದ್ದ. ಎಣಿಕೆ ನಿಂತಿತು. ಅವನು ಮತ್ತೊಮ್ಮೆ ಒದ್ದ, ಅದೇ ಜಾಗಕ್ಕೆ, ಕಾಲಿಗೆ ಅಂಟಿದ್ದನ್ನು ಕೊಡವುವವನ ಹಾಗೆ.

ಸೀಟಿ ನನ್ನ ಹಲ್ಲುಗಳ ನಡುವೆ ಇತ್ತು. ಊದಿದರೆ ಒದೆ ನಿಲ್ಲುತ್ತದೆ, ಔರಂಗಾಬಾದ್ ಹೋಗುತ್ತದೆ. ನಾನು ಮಾಸ್ತರರನ್ನು ನೋಡಿದೆ. ಅವರು ವೃತ್ತವನ್ನು ನೋಡುತ್ತಿದ್ದರು. ಹಿಂದಿನಿಂದ ಕಬ್ಬಿಣದ ಅಗುಳಿ ಸರಿದ ಸದ್ದಾಯಿತು. ಮಾವಶಿ ಬಾಗಿಲು ತೆರೆದು ಹಿಡಿದು ನಿಂತಿದ್ದರು. "ಬಾಗಲಾ ತೆಗದೇನಿ, ಮಗಳ. ಬಾ," ಎಂದರು, ಊಟಕ್ಕೆ ಕರೆದಷ್ಟು ಸಣ್ಣ ದನಿಯಲ್ಲಿ.

ಆಗ ಅಕ್ಕ ನೆಲದಿಂದಲೇ ನನ್ನನ್ನು ನೋಡಿ ಬೇಡ ಎಂದು ತಲೆಯಾಡಿಸಿದಳು. ನಾನು ಊದಲಿಲ್ಲ.

ಯಾರೋ ಒಂದು ಮಗು ಬಿಟ್ಟಲ್ಲಿಂದ ಎಣಿಕೆ ಮುಂದುವರಿಸಿತು. ಒಂಬತ್ತಕ್ಕೆ ಅಕ್ಕ ಎದ್ದಳು. ಉಳಿದದ್ದು ಮೂವತ್ತು ಚಿಲ್ಲರೆ ಸೆಕೆಂಡು. ಎರಡೂ ತೋಳಲ್ಲಿ ತಲೆ ಮುಚ್ಚಿ, ಕಾಲಗಲಿಸಿ ನಿಂತಳು. ಅವನು ಪಕ್ಕೆಗೆ, ಬೆನ್ನಿಗೆ, ತೋಳಿನ ಮೂಳೆಗೆ ಹೊಡೆಯುತ್ತಲೇ ಇದ್ದ, ಹೊಡೆಯುತ್ತ ಅಳುತ್ತಿದ್ದ. ಮೂರು ನಿಮಿಷಕ್ಕೆ ಸರಿಯಾಗಿ ನಾನು ಊದಿದೆ.

ಅವಳ ಎಡಗಿವಿಯಿಂದ ಸಣ್ಣಗೆ ಇಳಿದ ರಕ್ತ ಬಿಳಿಯ ಅಂಗಿಯ ಕೊರಳಪಟ್ಟಿಗೆ ಇಂಗುತ್ತಿತ್ತು. ಬಾಯಲ್ಲಿದ್ದದ್ದನ್ನು ಉಗುಳಿ, "ನಾಳೆ ಬಸ್ಸಿಗೆ ಹೋಗ್ತೀನಿ," ಎಂದಳು ತನ್ನ ಅಪ್ಪನಿಗೆ. ಮಾಸ್ತರರು ಕಾಲಿನಿಂದ ಸುಣ್ಣದ ಗೆರೆ ಅಳಿಸಿದರು. "ಹೋಗು," ಎಂದರು. ಅಂಗೈ ನೋಡಿಕೊಂಡರು ಎಂದೂ ಬರೆಯಬೇಕೆನ್ನಿಸುತ್ತದೆ, ಖಾತ್ರಿಯಿಲ್ಲ.

ಹೊರಗೆ ನಲ್ಲಿಯ ಕೆಳಗೆ ತಮ್ಮ ಕಾಲು ತೊಳೆಯುತ್ತ ಕೂತಿದ್ದ. ತೊಳೆದ ಕಾಲನ್ನೇ ಮತ್ತೆ ತೊಳೆಯುತ್ತಿದ್ದ. ನನ್ನನ್ನು ಕಂಡು, "ಊದಬೇಕಿತ್ತಲ್ರೀ ನೀವು," ಎಂದ. "ನನಗ ನಿಲ್ಲಸಾಕ ಆಗವಲ್ದಾಗಿತ್ತು."

ಆ ದಿನದ ದಿನಚರಿ ಈಗಲೂ ನನ್ನ ಬಳಿ ಇದೆ. "ಮೂರು ನಿಮಿಷ. ಅಕ್ಕ ನಿಂತಳು. ನಡುವೆ ಊದಲಿಲ್ಲ. ಮನೆಯಲ್ಲಿ ಬದನೆಕಾಯಿ ಪಲ್ಯ." ಇಷ್ಟೇ. ಅವಳು ತಲೆಯಾಡಿಸಿದ್ದು ಅದರಲ್ಲಿಲ್ಲ. ಅದು ಮೊದಲ ಸಲ ಕಾಣಿಸುವುದು ಎರಡು ವರ್ಷದ ನಂತರ, ಪುಣೆಯಲ್ಲಿ ಎಂ.ಎ. ಓದುವಾಗ ಬರೆದ ಪುಟದಲ್ಲಿ. ಅಲ್ಲಿ ಅದು ಪೂರ್ತಿಯಾಗಿ ಇದೆ: ಅವಳ ಕಣ್ಣು, ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ. ಎರಡು ವರ್ಷ ಆ ತಲೆ ಎಲ್ಲಿತ್ತು? ಅಂದು ಅದು ಎಷ್ಟು ಸ್ಪಷ್ಟವಾಗಿತ್ತೆಂದರೆ ಬರೆಯುವ ಅಗತ್ಯವೇ ಇರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಬದನೆಕಾಯಿಯನ್ನು ಬರೆದವಳು ನಾನು.

ಓದು ಮುಗಿಸಿ ನಾನೂ ಬ್ಯಾಂಕು ಸೇರಿದೆ. ಆ ಶುಕ್ರವಾರ ಕಳೆದು ಎಂಟು ವರ್ಷದ ಮೇಲೆ ಔರಂಗಾಬಾದಿಗೇ ವರ್ಗವಾಯಿತು. ಹೋದ ಎರಡನೇ ವಾರವೇ ಚಿಕಲಠಾಣಾ ಕಡೆ ರಿಕ್ಷಾ ಮಾಡಿಕೊಂಡು ಹೋದೆ. ಭಾನುವಾರದ ಮಧ್ಯಾಹ್ನ. ಕಾಲನಿಯ ಸಭಾಂಗಣದಲ್ಲಿ ಐವತ್ತು ಮಕ್ಕಳು ಬೀಳುತ್ತಿದ್ದರು, ಏಳುತ್ತಿದ್ದರು. ಅಕ್ಕ ದಪ್ಪಗಾಗಿದ್ದಳು. ನನ್ನನ್ನು ಗುರುತಿಸಿ, "ಏ, ಸಾಹೇಬರ ಮಗಳು. ಈಗ ನೀನೇ ಸಾಹೇಬಳಾದೇನು?" ಎಂದು ಕುರ್ಚಿ ಎಳೆದಳು. ಮಾಸ್ತರರಿಗೆ ಮೊಣಕಾಲು ನೋವು, ಅಂಬಡ್‌ನ ಶೆಡ್ಡನ್ನು ತಮ್ಮ ನೋಡಿಕೊಳ್ಳುತ್ತಾನೆ, ವರ್ಷಕ್ಕೊಮ್ಮೆ ತನ್ನ ಹುಡುಗರನ್ನು ಬೀಳುವುದು ಕಲಿಯಲು ಇಲ್ಲಿಗೆ ಕರೆತರುತ್ತಾನೆ, ತಾನು ಮಾತ್ರ ಹೊರಗೆ ಚಹಾದಂಗಡಿಯಲ್ಲಿ ಕೂರುತ್ತಾನೆ ಎಂದಳು.

ಮಕ್ಕಳ ಗದ್ದಲದಲ್ಲಿ, ಅವಳ ಪಕ್ಕ ಕೂತು, ಎಷ್ಟೋ ಸಲ ಮನಸ್ಸಿನಲ್ಲೇ ಕೇಳಿದ್ದನ್ನು ಕೇಳಿದೆ. "ಅಕ್ಕಾ, ಅವತ್ತ ನೀವು ನನ್ನ ನೋಡಿ, ಊದಬ್ಯಾಡ ಅಂತ ತಲಿ ಅಲ್ಲಾಡಿಸಿದ್ರಿ, ಹೌದಲ್ರಿ?"

ಅವಳು ಮಕ್ಕಳನ್ನೇ ನೋಡುತ್ತಿದ್ದಳು. ಉತ್ತರ ಕೊಡಲು ಇಷ್ಟವಿಲ್ಲ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ತಿರುಗಿ, "ಏನರ ಅಂದೇನು? ಈ ಕಡೆ ಬಂದ ಕೂಡ್ರು. ಆ ಕಿವಿ ಅವತ್ತ ಹೋತು," ಎಂದಳು.

ಕುರ್ಚಿ ಎತ್ತಿಕೊಂಡು ಅವಳ ಬಲಕ್ಕೆ ಬಂದೆ. ಅದೇ ಪ್ರಶ್ನೆಯನ್ನು ಎರಡನೇ ಸಲ ಕೇಳಲು ಬಾಯಿ ಬರಲಿಲ್ಲ. "ನಾ ಊದಬೇಕಿತ್ತೇನ್ರಿ?" ಎಂದೆ.

"ಊದಿದ್ರ ಇದೆಲ್ಲಾ ಎಲ್ಲಿರ್ತಿತ್ತು?" ಎಂದು ಸಭಾಂಗಣದ ಕಡೆ ಕೈ ಮಾಡಿದಳು. ಒಬ್ಬ ಹುಡುಗನಿಗೆ ಗದ್ದ ಒಳಗೆ ತಗೋ ಎಂದು ಮರಾಠಿಯಲ್ಲಿ ಗದರಿ, ಮತ್ತೆ ನನ್ನ ಕಡೆ ತಿರುಗಿದಳು. "ಆದ್ರ ನೆಲದ ಮ್ಯಾಲಿದ್ದಾಗ, ಯಾರರ ಊದಲಿ, ಯಾರರ ಊದಲಿ ಅಂತನ ಕಾಯಾಕತ್ತಿದ್ದೆ. ನೀ ಎಲ್ಲಿದ್ದಿ ಅನ್ನೂದು ಸೈತ ಕಾಣಸ್ತಿರಲಿಲ್ಲ ನನಗ."

"ತಲಿ ಅಲ್ಲಾಡಿಸಿದಂಗ ಕಂಡಿತ್ತು."

"ಕಿವಿಗೆ ಒದ್ದರ ಯಾರ ತಲೀನೂ ಅಲ್ಲಾಡತೈತಿ," ಎಂದಳು ಅಕ್ಕ. ಸಿಟ್ಟೇನೂ ಇರಲಿಲ್ಲ ಆ ದನಿಯಲ್ಲಿ.

ಅಷ್ಟರಲ್ಲಿ ಇಬ್ಬರು ಹುಡುಗಿಯರು ನೆಲದ ಮೇಲೆ ಸುಣ್ಣದ ಗೆರೆ ಎಳೆದು ನಿಂತಿದ್ದರು. ಅಕ್ಕ ಕೊರಳಿನಿಂದ ಸೀಟಿಯನ್ನೂ ಸೆಕೆಂಡಿನ ಗಡಿಯಾರವನ್ನೂ ತೆಗೆದು ನನ್ನ ತೊಡೆಯ ಮೇಲೆ ಹಾಕಿದಳು. "ಒಂದ ಮಿನಿಟ. ನೋಡು."

ಹನ್ನೆರಡು ಹದಿಮೂರರ ಹುಡುಗಿಯರು. ಎತ್ತರದವಳು ಎರಡು ಗುದ್ದು ಹಾಕಿದಳು, ಮೂರನೆಯದಕ್ಕೆ ಚಿಕ್ಕವಳ ಮೂಗಿನಿಂದ ರಕ್ತ ಬಂತು, ಅವಳು ಜಾರಿ ಬಿದ್ದಳು. ಎತ್ತರದವಳ ಕಾಲು ಮೇಲೆದ್ದಿತು. ಅದು ಇಳಿಯುವ ಮೊದಲೇ ನಾನು ಊದಿದೆ, ಕಿವಿ ಗುಂಯ್ಗುಡುವಷ್ಟು ಜೋರಾಗಿ. ಸಭಾಂಗಣದಲ್ಲಿದ್ದ ಎಲ್ಲ ಮಕ್ಕಳೂ ನಿಂತು ನನ್ನ ಕಡೆ ನೋಡಿದರು.

"ಅಜೂನ್ ಮಾರಲಂಚ್ ನಾಹೀ, ಆಂಟಿ," ಎಂದಳು ಎತ್ತರದವಳು ಮುಖ ಗಂಟು ಹಾಕಿಕೊಂಡು. ಇನ್ನೂ ಹೊಡೆದೇ ಇಲ್ಲ ಎಂದು ಅವಳ ತಕರಾರು. ಬಿದ್ದವಳು ಕೂಡ ಮೂಗು ಒರೆಸಿಕೊಳ್ಳುತ್ತ ನನ್ನನ್ನೇ ದುರುಗುಟ್ಟಿ ನೋಡಿದಳು.

"ಇವಳ ಪರೀಕ್ಷೆ ಹೋತೇನ್ರಿ?" ಎಂದು ಅಕ್ಕನನ್ನು ಕೇಳಿದೆ.

"ಯಾಕ ಹೋಗ್ತೈತಿ? ಇಲ್ಲಿ ಸೀಟಿ ಬಿದ್ದರ ನೀರ ಕುಡದು ಮತ್ತ ಮೊದಲಿಂದ ಚಾಲೂ ಮಾಡ್ತಾರ. ಎಷ್ಟ ಸಲ ಬೇಕಾದ್ರೂ ಊದು."

ಚಿಕ್ಕ ಹುಡುಗಿ ಬಾಟಲಿಯಿಂದ ಎರಡು ಗುಟುಕು ಕುಡಿದು ಮೂಗಿಗೆ ಹತ್ತಿ ಇಟ್ಟುಕೊಂಡು ಗೆರೆಯ ಒಳಗೆ ಬಂದಳು. ನಾನು ಗಡಿಯಾರವನ್ನು ಸೊನ್ನೆಗೆ ತಂದೆ.