ಮುನಿರ್ಕಾದಲ್ಲಿ ಎಸಿ ಆರಿಸಿದ ಓಣಿ

ನವದೆಹಲಿಯಲ್ಲಿ ರೈಲು ಇಳಿದಾಗ ಮಧ್ಯಾಹ್ನ. ನಲವತ್ತಾರು ಡಿಗ್ರಿಯಂತೆ, ನನಗಂತೂ ಉರಿಯುವ ಒಲೆಗೆ ಮುಖ ಕೊಟ್ಟ ಹಾಗಾಯಿತು. ಅಷ್ಟರಲ್ಲಿ ದೆಹಲಿಯದೇ ಮುನಿರ್ಕಾ ಬಡಾವಣೆಯಿಂದ ಅಕ್ಕನ ಫೋನು.

"ಬೆಳಗಿನಿಂದ ಕರೆಂಟಿಲ್ಲ ಕಣೇ ಕಮಲಾ. ನಿಮ್ಮ ಭಾವನ ಆಕ್ಸಿಜನ್ ಮಷೀನ್ ನಿಂತಿದೆ. ಇರೋ ಸಿಲಿಂಡರು ಸಂಜೆವರೆಗೆ ಬಂದರೆ ಪುಣ್ಯ. ಅಂಗಡಿಯವನು ಹೊಸದು ನಾಳೆ ಅಂತಾನೆ."

ಆಟೊದವನು ಮುನ್ನೂರು ಕೇಳಿದ. ಚೌಕಾಸಿ ಇಲ್ಲದೆ ನಾನು ಆಟೊ ಹತ್ತಿದ್ದು ಜೀವನದಲ್ಲಿ ಅದೇ ಮೊದಲು. ಅರ್ಧ ದಾರಿಯಲ್ಲಿ ಆಕಾಶ ಕೆಂಪಾಗಿ ಧೂಳಿನ ಬಿರುಗಾಳಿ ಎದ್ದಿತು. ಮುಂದೆ ಬೇವಿನ ಮರ ರಸ್ತೆಗಡ್ಡ ಬಿದ್ದಿತ್ತು. "ಭಯ್ಯಾ, ಬೇರೆ ದಾರಿ?" ಅಂದೆ. "ಆಂಧಿ ಹೈ, ಮಾತಾಜಿ," ಅಂತ ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೂತ. ಕೊನೆಗೆ ಸುತ್ತು ಹಾಕಿ ಮುಟ್ಟಿಸಿದ.

ಓಣಿಯ ಬಾಯಲ್ಲೇ ಟ್ರಾನ್ಸ್‌ಫಾರ್ಮರು. ಅದನ್ನು ತಂಪು ಮಾಡಲು ಅಂಗಡಿಯೊಂದರ ಜನರೇಟರಿನಿಂದ ದೊಡ್ಡ ಕೂಲರ್ ಹಚ್ಚಿದ್ದರು. ಲೈನ್‌ಮನ್ ಬೆವರೊರೆಸುತ್ತ ಹಿಂದಿಯಲ್ಲಿ ಹೇಳಿದ: "ಎರಡು ಸಲ ಚಾಲೂ ಮಾಡಿದೆ. ಕರೆಂಟ್ ಬಂದ ಕೂಡಲೇ ಎಲ್ಲರ ಎಸಿ ಒಟ್ಟಿಗೆ ಶುರು, ಫ್ಯೂಸ್ ಹಾರುತ್ತೆ. ಇನ್ನೊಮ್ಮೆ ಹಾರಿದರೆ ಇವತ್ತು ಮುಗೀತು."

ಸಿಟ್ಟು ನೆತ್ತಿಗೇರಿತು. ಓಣಿ ತುಂಬ ಬಾಡಿಗೆಗಿರುವ ವಿದ್ಯಾರ್ಥಿಗಳು. ಮಂಡಿನೋವು ಮರೆತು ಮೆಟ್ಟಿಲು ಹತ್ತಿ ಸಿಕ್ಕ ಬಾಗಿಲೆಲ್ಲ ಬಡಿದೆ. ಹರಕು ಹಿಂದಿ ನನ್ನದು: "ಎಸಿ, ಫ್ಯಾನ್ ಸಬ್ ಬಂದ್. ಏಕ್ ಆದ್ಮಿ ಕೀ ಸಾಂಸ್ ಹೈ." ಒಬ್ಬರ ಉಸಿರಿನ ಪ್ರಶ್ನೆ ಅಂತ. ಮೂರನೇ ಮಹಡಿಯ ಹುಡುಗಿ, "ಆಂಟಿ, ನಾಳೆ ನನ್ನ ಪರೀಕ್ಷೆ," ಅಂದಳು. ನಾನು ಬಾಯಿ ತೆರೆಯುವ ಮೊದಲೇ ಚಪ್ಪಲಿ ಮೆಟ್ಟಿ, "ಎದುರು ಸಾಲಿಗೆ ನಾನು ಹೇಳ್ತೀನಿ," ಎಂದು ಇಳಿದಳು.

ಮನೆಗೆ ಬಂದಾಗ ಸಿಲಿಂಡರಿನ ಮುಳ್ಳು ತಳ ಹಿಡಿದಿತ್ತು, ಭಾವನ ತುಟಿ ನೀಲಿಗಟ್ಟಿತ್ತು. ಕರೆಂಟ್ ಬಂತು. ಮಷೀನ್ ಗುರ್ ಅಂತ ಶುರುವಾಯಿತು. ಈಗ ನಿಂತೀತು, ಈಗ ನಿಂತೀತು ಅಂತ ನಾನೂ ಅಕ್ಕನೂ ಉಸಿರು ಬಿಗಿಹಿಡಿದು ನಿಂತೆವು. ನಿಲ್ಲಲಿಲ್ಲ. ಅಭ್ಯಾಸಬಲದಿಂದ ನನ್ನ ಕೈ ಫ್ಯಾನಿನ ಸ್ವಿಚ್ಚಿಗೆ ಹೋಯಿತು. ಅಕ್ಕ ಮಣಿಕಟ್ಟು ಹಿಡಿದಳು.

ಕಿಟಕಿಯಾಚೆ ಎದುರು ಮನೆಗಳ ಮೆಟ್ಟಿಲ ಮೇಲೆಲ್ಲ ಹುಡುಗ ಹುಡುಗಿಯರು ಪುಸ್ತಕದಿಂದ ಗಾಳಿ ಬೀಸಿಕೊಳ್ಳುತ್ತ ಕೂತಿದ್ದರು. ಭಾವ ನೋಡಿದರು, ಮೂಗಿನ ನಳಿಕೆ ಸರಿಪಡಿಸಿಕೊಂಡರು. "ಫ್ಯಾನಾದರೂ ಹಾಕ್ಕೊಳ್ಳಿ ಅಂತ ಹೇಳಮ್ಮ ಆ ಮಕ್ಕಳಿಗೆ," ಎಂದರು. ನನಗೆ ಅಳು ತಡೆಯಲಾಗಲಿಲ್ಲ.

ನಾಲ್ಕನೇ ದಿನ ಹೊರಟೆ. ಹಳೆಯದರ ಬದಲು ಹಾಕಬೇಕಿದ್ದ ದೊಡ್ಡ ಟ್ರಾನ್ಸ್‌ಫಾರ್ಮರು ಇನ್ನೂ ಬಂದಿರಲಿಲ್ಲ, ಬಿಸಿಲು ಹಾಗೇ ಇತ್ತು. ಓಣಿಯ ತಿರುವಿನಲ್ಲಿ ಬ್ಯಾಗು ಇಳಿಸಿ ಹಿಂತಿರುಗಿ ನೋಡಿದೆ. ಕಿಟಕಿಗಳೆಲ್ಲ ತೆರೆದಿದ್ದವು, ಕರೆಂಟ್ ಇದ್ದರೂ ಒಂದು ಎಸಿಯೂ ಓಡುತ್ತಿರಲಿಲ್ಲ.