ಎತ್ತುವವಳು ಬಿದ್ದ ಮೇಲೆ

ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ನಾನು ಫಿಟರ್ ಆಗಿದ್ದೆ. ಒಂದು ದಿನ ನಟ್ಟು ಬಿಗಿಯುವಾಗ ಪಾನಾ ಕೈಯಿಂದ ಜಾರಿತು. ಆಮೇಲೆ ನಡೆಯುವಾಗ ಎಡಗಾಲಿನ ಚಪ್ಪಲಿ ತಾನಾಗಿ ಕಳಚತೊಡಗಿತು. ಹುಬ್ಬಳ್ಳಿಯ ಡಾಕ್ಟರು ಎಎಲ್‌ಎಸ್ ಎಂದರು. ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುತ್ತವೆ, ಬುದ್ಧಿಗೆ ಮಾತ್ರ ಏನೂ ಆಗುವುದಿಲ್ಲ ಎಂದು ಸಮಾಧಾನ ಮಾಡುವವರಂತೆ ಹೇಳಿದರು. ಈಗ ಕೆನ್ನೆಯ ಮೇಲೆ ಇರುವೆ ಹರಿದರೆ ಅದರ ಒಂದೊಂದು ಹೆಜ್ಜೆಯೂ ಗೊತ್ತಾಗುತ್ತದೆ. ಕೈ ಏಳುವುದಿಲ್ಲ.

ಅಂಬೇವಾಡಿಯ ಎರಡು ಕೋಣೆಯ ಮನೆಯಲ್ಲಿ ಇರುವುದು ನಾನು, ನನ್ನ ಹೆಂಡತಿ. ಮಕ್ಕಳಾಗಲಿಲ್ಲ. ತೊಳೆಯುವುದು, ಉಣಿಸುವುದು, ಮಗ್ಗುಲು ಬದಲಿಸುವುದು ಎಲ್ಲವೂ ಅವಳದೇ. ಮಂಚದಿಂದ ಕಮೋಡ್ ಕುರ್ಚಿಗೆ ಕೂರಿಸಲು ನನ್ನ ನಡುವಿಗೆ ಹಳೆಯ ಲುಂಗಿ ಸುತ್ತಿ, ಎರಡೂ ಬದಿ ಬಿಗಿಯಾಗಿ ಹಿಡಿದು, "ಹೂಂ, ಏಳ್ರಿ" ಎನ್ನುತ್ತಿದ್ದಳು, ಏಳುವವನು ನಾನೇ ಎಂಬಂತೆ.

ದೀಪಾವಳಿ ಮುಗಿದ ವಾರ, ಹಾಗೆ ಎತ್ತುವಾಗಲೇ ಅವಳ ಬೆನ್ನಿನಲ್ಲಿ ಏನೋ ಹಿಡಿದುಕೊಂಡಿತು. ಆದರೂ ಲುಂಗಿ ಬಿಡಲಿಲ್ಲ. ಇಬ್ಬರೂ ಕೂಡಿಯೇ ಬಿದ್ದೆವು. ಅವಳ ಕೂಗು ಕೇಳಿ ಪಕ್ಕದ ಮನೆಯವರು ಬರುವವರೆಗೆ ನನ್ನ ಭಾರವೆಲ್ಲ ಅವಳ ಎದೆಯ ಮೇಲಿತ್ತು. ಸರಿದುಕೊಳ್ಳಲು ನನ್ನಿಂದಾಗಲಿಲ್ಲ. "ನಿಮಗ ಪೆಟ್ಟಾತೇನ್ರಿ?" ಎಂದು ನನ್ನ ಕೆಳಗಿನಿಂದ ಅವಳೇ ಕೇಳಿದಳು.

ಬೆನ್ನಿನ ಡಿಸ್ಕ್ ಜಾರಿದೆ, ಇನ್ನು ಭಾರ ಎತ್ತಲೇಬಾರದು ಎಂದರು ಡಾಕ್ಟರು. ತವರೂರು ಮಳಗಿಯಿಂದ ಅವಳ ತಮ್ಮ, ಕೊಯ್ಲಿಗೆ ಬಂದ ಭತ್ತವನ್ನು ಬಿಟ್ಟು ಓಡಿಬಂದ. ರೋಗಿಯನ್ನು ನೋಡಿಕೊಳ್ಳಲು ಮನೆಗೆ ಗಂಡಾಳು ಕಳಿಸುವ ಹುಬ್ಬಳ್ಳಿ, ಧಾರವಾಡದವರಿಗೆಲ್ಲ ಸ್ಪೀಕರ್ ಹಾಕಿ ಫೋನು ಹಚ್ಚಿದ.

"ದಾಂಡೇಲಿಗಾ? ಅಷ್ಟ್ ದೂರ ಯಾರೂ ಬರೂದಿಲ್ರಿ" ಎಂದರು ಒಬ್ಬರು. ಇನ್ನೊಬ್ಬರು, "ಪೇಶಂಟ್ ಯಾವಾಗ ಆರಾಮ ಆಗ್ತಾರಂತ?" ಎಂದು ಕೇಳಿದರು. ಭಾವಮೈದುನ ನನ್ನತ್ತ ಒಮ್ಮೆ ನೋಡಿ, ಫೋನು ಹಿಡಿದು ಅಂಗಳಕ್ಕೆ ಹೋದ.

ಒಂದು ಮಧ್ಯಾಹ್ನ ಆಚೆ ಕೋಣೆಯಲ್ಲಿ ಮಲಗಿದ್ದ ಅಕ್ಕನಿಗೆ ಅವನು ಹೇಳುತ್ತಿದ್ದುದು ಕೇಳಿಸಿತು.

"ಅಕ್ಕಾ, ನೀ ನನ್ನ ಕೂಡ ಮಳಗಿಗೆ ಬಾ. ಮಾವನ್ನ ಎಲ್ಲ್ಯಾರ ಒಂದ ಆಶ್ರಮದಾಗ ಇಡೂಣು. ಇಲ್ಲಾಂದ್ರ ನೀನೂ ಉಳಿಯೂದಿಲ್ಲ."

ಅವನು ಕೆಟ್ಟವನಲ್ಲ. ನಾನು ಯೋಚಿಸಿದ್ದೂ ಅದನ್ನೇ. ಹೆಂಡತಿ, "ಅವ್ರ ಮಾತು ಅಲ್ಲಿ ಯಾರಿಗೆ ತಿಳಿತೈತಿ?" ಎಂದಳು.

ನಿಜ. ನನ್ನ ನಾಲಿಗೆ ದಪ್ಪಗಾಗಿ ಹೋಗಿತ್ತು. ಮಿಕ್ಕವರಿಗೆ ಬರೀ ನರಳಿಕೆಯಾಗಿ ಕೇಳುವುದು ಅವಳೊಬ್ಬಳಿಗೆ ಮಾತಾಗಿ ಕೇಳುತ್ತಿತ್ತು.

ಕಡೆಗೆ ಹಳಿಯಾಳದ ಕಡೆಯ ಹಳ್ಳಿಯಿಂದ ಒಬ್ಬ ಸಿಕ್ಕ. ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದವನು. ತೋಳಲ್ಲಿ ಬಲವಿತ್ತು, ಈ ಕೆಲಸ ಗೊತ್ತಿರಲಿಲ್ಲ. ಭಾವಮೈದುನ ಊರಿಗೆ ಹೋದ ಮರುದಿನ ಈ ಆಳು ನನ್ನನ್ನು ಎದೆಗೆ ಒರಗಿಸಿಕೊಂಡು ಗಂಜಿ ಕುಡಿಸತೊಡಗಿದ. ನನ್ನ ತಲೆ ಹಿಂದಕ್ಕೆ ವಾಲಿತ್ತು. "ತಲೆ" ಎಂದೆ.

"ಇನ್ನಷ್ಟ ಬೇಕೇನ್ರಿ ಅಣ್ಣಾರ?" ಎಂದು ಮತ್ತೊಂದು ಚಮಚ ಸುರಿದ.

ಗಂಜಿ ಗಂಟಲು ತಪ್ಪಿ ಉಸಿರಿನ ದಾರಿಗೆ ಇಳಿಯಿತು. ಕೆಮ್ಮಲೂ ನನಗೆ ಶಕ್ತಿಯಿಲ್ಲ. ಅವನು ಗಾಬರಿಯಾಗಿ ಬಾಯಿಗೆ ನೀರಿನ ಲೋಟ ಹಿಡಿದ. ಕಣ್ಣು ಕತ್ತಲಾಗುವಾಗ ಹೆಂಡತಿ ಬಾಗಿಲಲ್ಲಿ ತೆವಳಿಕೊಂಡು ಬರುವುದು ಕಂಡಿತು.

"ನೀರ ಬ್ಯಾಡೋ! ತಲಿ ಮುಂದ ಬಗ್ಗಸು! ಹೊಟ್ಟಿ ಒತ್ತು, ಹೊಟ್ಟಿ!"

ನನಗೆ ಉಸಿರು ಮರಳಿದಾಗ ಅವನು ಗೋಡೆಗೆ ಒರಗಿ ಅಳುತ್ತಿದ್ದ. "ಅವ್ರು ಏನಂದ್ರು ನಂಗ ತಿಳೀಲಿಲ್ರಿ ವೈನಿ" ಎಂದು ಹೆಂಡತಿಗೆ ಹೇಳಿದ. ಅವಳು ನೆಲದ ಮೇಲೆ ಬಿದ್ದಲ್ಲಿಯೇ ಇದ್ದಳು. ಮೊದಲು ಅವಳನ್ನೇ ಎತ್ತಬೇಕಾಯಿತು.

ಅಂದಿನಿಂದ ಅವಳ ಹಾಸಿಗೆ ನನ್ನ ಮಂಚದ ಪಕ್ಕದ ನೆಲಕ್ಕೆ ಬಂತು. ನಾನು ಹೇಳುತ್ತೇನೆ, ಅವಳು ಮಲಗಿದಲ್ಲಿಂದ ಅವನಿಗೆ ಹೇಳುತ್ತಾಳೆ, ಅವನು ಮಾಡುತ್ತಾನೆ. ಮೂವರು ಸೇರಿ ನನ್ನ ಒಂದು ಕೈ ಸರಿಸುತ್ತೇವೆ. ಅವನು ಬರದ ದಿನ ನಾನು ಒದ್ದೆಯಲ್ಲೇ ಇರುತ್ತೇನೆ. ಅವಳು ಕೈ ಚಾಚಿ ಒರೆಸಲು ನೋಡಿ, ಎಟುಕದೆ, ಗೋಡೆಯತ್ತ ಹೊರಳುತ್ತಾಳೆ. ಬೆನ್ನು ನೋಯುತ್ತದೆಂದು ಹೊರಳುತ್ತಾಳೋ, ನಾನು ಅವಳ ಮುಖ ನೋಡಬಾರದೆಂದೋ, ಕೇಳಿಲ್ಲ.

ಹೊಟ್ಟೆಗೆ ನಳಿಕೆ ಹಾಕಿಸಿ, ಅದರಿಂದಲೇ ಗಂಜಿ ಕೊಡಬಹುದು ಎಂದಿದ್ದಾರೆ ಡಾಕ್ಟರು. ಹಾಕಿಸಿದರೆ ಇನ್ನಷ್ಟು ದಿನ ಇರುತ್ತೇನೆ. ಅಷ್ಟೂ ದಿನ ನನ್ನನ್ನು ಎತ್ತುವವರು ಯಾರು? ನಿನ್ನೆ ಸಂಜೆ ಆಳು ಹೋದ ಮೇಲೆ ಅವಳಿಗೆ ಹೇಳಿದೆ. "ನಳಿಕೆ ಬೇಡ. ನೀನು ಮಳಗಿಗೆ ಹೋಗು."

ಅವಳು ನನ್ನ ಬಾಯಿಯನ್ನೇ ನೋಡಿದಳು. "ಏನಂದ್ರಿ?"

ಮತ್ತೆ ಹೇಳಿದೆ. ಮತ್ತೂ ಒಮ್ಮೆ. ನಾಲಿಗೆ ಸೋತಿತು. ಇನ್ನೂ ಆಡುವ ಒಂದೇ ಹೆಬ್ಬೆರಳಿನಿಂದ ಮೊಬೈಲಿನಲ್ಲಿ ಬರೆದು ತೋರಿಸಬಲ್ಲೆ, ಆದರೆ ಅದನ್ನು ಅಂಗೈಗೆ ಇಡುವವನು ಹೊರಟುಹೋಗಿದ್ದ.

"ಹೂಂ ಹೂಂ, ಆತು ತಗೋರಿ" ಎಂದು ತಲೆಯಾಡಿಸಿದಳು. ಮಂಚದ ಕಾಲು ಹಿಡಿದು ಕಷ್ಟಪಟ್ಟು ಮೇಲೆದ್ದು, ನನ್ನ ಪಾದದ ಮೇಲೆ ಹೊದಿಕೆ ಎಳೆದಳು. ನನಗೆ ಚಳಿಯಾಗುತ್ತಿದೆ ಎಂದುಕೊಂಡಿದ್ದಳು.