ಗಂಟು ಕರಗಿದ ಮೇಲೆ

ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಮಮದಾಪುರದ ಕುರಿಗಾರರ ಮಗಳು. ತಲೆಯ ಮೇಲೊಂದು, ಸೊಂಟದಲ್ಲೊಂದು ತುಂಬಿದ ಕೊಡ ಹೊತ್ತು, ಮಾತಾಡುತ್ತಲೇ ಟಿಕೋಟಾದ ನಮ್ಮ ಮನೆಯ ಮೆಟ್ಟಿಲು ಹತ್ತುತ್ತಿದ್ದಳು. ಅವ್ವ ತೀರಿಕೊಂಡ ಮೇಲೆ ನನಗೆ ಹೆರಳು ಹಾಕಿ ಕಾಲೇಜಿಗೆ ಕಳಿಸಿದವಳು ಅವಳೇ.

ಎಪ್ಪತ್ತರ ದಶಕದ ಕೊನೆಗೆ ಅವಳ ಕುತ್ತಿಗೆಯಲ್ಲಿ ಗಂಟು ಎದ್ದಿತು. ವಿಜಾಪುರದ ಡಾಕ್ಟರು ಮುಂಬಯಿಯ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಕ್ಯಾನ್ಸರ್ ಎಂಬ ಶಬ್ದವನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಲಿಲ್ಲ. ವೈನಿಗೆ ಹೋಗುವ ಮನಸ್ಸಿರಲಿಲ್ಲ. ಅಣ್ಣನೇ ಹಟ ಹಿಡಿದು ಕರೆದೊಯ್ದ. ಅಲ್ಲಿ ಸಲಾಯಿನ್ ಜೊತೆ ಕೆಂಪು ಔಷಧ ಏರಿಸಿದರು. ಕೂದಲೆಲ್ಲ ಉದುರಿತು. ಹಲವು ಸಲ ಹೋಗಿ ಬಂದ ಮೇಲೆ ಗಂಟು ಮಾತ್ರ ಕರಗಿತು. ಅಣ್ಣ ವಿಜಾಪುರದ ಗಾಂಧಿ ಚೌಕದಿಂದ ಪೇಢೆ ತಂದು ಓಣಿಗೆಲ್ಲ ಹಂಚಿದ.

ಕೂದಲು ಮತ್ತೆ ಚಿಗುರಿ ಕಿವಿ ಮುಚ್ಚುವಷ್ಟು ಬಂದಿತ್ತು. ಆಗ ಶುರುವಾಯಿತು ದಮ್ಮು. ರೊಟ್ಟಿ ಬಡಿಯುತ್ತ ನಡುವೆ ನಿಲ್ಲಿಸಿ ಗೋಡೆಗೆ ಒರಗುತ್ತಿದ್ದಳು. "ಏನಾತು ವೈನಿ?" ಅಂದರೆ, "ಏನಿಲ್ಲ ತಂಗಿ, ಒಲಿ ಹೊಗಿ" ಅನ್ನುತ್ತಿದ್ದಳು. ಬರಬರುತ್ತ ಪಾದ ಬಾತವು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಹಾಸಿಗೆಯ ಸುರುಳಿಗೆ ಬೆನ್ನು ಕೊಟ್ಟು ಕೂತೇ ನಿದ್ದೆ ಮಾಡತೊಡಗಿದಳು.

ವಿಜಾಪುರದ ಡಾಕ್ಟರು ಎದೆಯ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ರೋಗ ತಿರುಗಿ ಬಂತೇನ್ರಿ ಸಾಹೇಬ್ರ?" ಅಣ್ಣ ಕೇಳಿದ.

"ಇಲ್ರಿ, ಅದು ಹೋಗೇತಿ. ಆದ್ರ ಆ ಕೆಂಪ ಔಷಧ ಕೆಲವ್ರ ಹೃದಯಕ್ಕ ಪೆಟ್ಟ ಕೊಡ್ತೈತಿ. ಇವ್ರ ಹೃದಯ ಹಿಗ್ಗಿ ಸೋತೈತ್ರಿ."

ಉಪ್ಪು ಬಿಡಿಸಿದರು, ಗುಳಿಗೆ ಬರೆದುಕೊಟ್ಟರು. ಬಸ್ಸಿನಲ್ಲಿ ಅಣ್ಣ ತಲೆ ಎತ್ತಲಿಲ್ಲ. "ನಾನ ನಿನ್ನ ಎಳಕೊಂಡ ಹೋದೆ" ಎಂದ, ಅಷ್ಟೇ.

ವೈನಿ ಉಸಿರು ಕೂಡಿಸಿಕೊಂಡು ಹೇಳಿದಳು: "ನೀವು ಒಯ್ಯದಿದ್ರ ನಾ ಹ್ವಾದ ವರ್ಷನ ಹೋಗ್ತಿದ್ನಿರಿ. ಹಂಗ ಅನ್ನಬ್ಯಾಡ್ರಿ."

ಅವಳಿಗೆ ತವರಿಗೆ ಹೋಗುವ ಆಸೆಯಾಯಿತು. ಬಬಲೇಶ್ವರದಲ್ಲಿ ಬಸ್ಸು ಬದಲಿಸುವಾಗ ನಾಲ್ಕು ಹೆಜ್ಜೆಗೊಮ್ಮೆ ನನ್ನ ಹೆಗಲು ಹಿಡಿದು ನಿಂತಳು. ಮಮದಾಪುರದಲ್ಲಿ ಅವಳ ತಾಯಿ ಹೊಸ ಕೂದಲ ಮೇಲೆ ಕೈಯಾಡಿಸಿ, "ಆರಾಮ ಆಗೀ ಬಿಡ ನನ್ನ ಮಗಳ" ಅಂದಳು. ವೈನಿ ಹೂಂ ಅಂದಳು. ನಾನು ಊರ ಕೆರೆಯ ಕಡೆಗೆ ಮುಖ ತಿರುಗಿಸಿದೆ.

ಟಿಕೋಟಾಕ್ಕೆ ಮರಳಿದ ಮೇಲೆ, ಆ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ, ನಾನು ಬೀಸಣಿಗೆಯಿಂದ ಗಾಳಿ ಹಾಕುತ್ತಿರುವಾಗಲೇ, ಕೂತಲ್ಲೇ ಹೋದಳು.

ಮಾತನಾಡಿಸಲು ಬಂದವರು ದನಿ ತಗ್ಗಿಸಿ ಕೇಳುತ್ತಿದ್ದರು: "ಅದ ರೋಗ ಏನ್ರಿ?"

"ಅಲ್ರಿ," ಅಣ್ಣ ಪ್ರತಿಯೊಬ್ಬರಿಗೂ ಅನ್ನುತ್ತಿದ್ದ, "ಅದು ಪೂರಾ ವಾಸಿ ಆಗಿತ್ತು."